ಅಕ್ಕನ ಹೆಸರಿನಲ್ಲಿ

ಫೆಬ್ರವರಿ 6, 1994

ಪ್ರೀತಿಯ ಅಕ್ಕ,

ಈ ಸಲ ಕ್ಷೇಮ ಸಮಾಚಾರ ಎಲ್ಲ ಕೊನೆಗೆ. ಮೊದಲು ಸುದ್ದಿ ಕೇಳು. ಕೂತುಕೊಂಡು ಓದು, ನಿಂತು ಓದಿದರೆ ಬಿದ್ದುಬಿಡುತ್ತೀಯ.

ನಿಮ್ಮ ದೇಶದಲ್ಲಿ ಹೊಸ ಕಾನೂನು ಬಂದಿದೆ. ಬೆಳಗಿನಿಂದ ಸಂಜೆವರೆಗೆ ಕತ್ತಲೆ ಶೆಡ್ಡಿನಲ್ಲಿ ಅಣಬೆ ಕೀಳುತ್ತಾ ನಿಂತಿರುವ ನಿನಗೆ ಹೇಗೆ ಗೊತ್ತಾಗಬೇಕು! ಇಲ್ಲಿ ಪತ್ರಿಕೆಯಲ್ಲಿ ಬಂತು, ರೇಡಿಯೊದಲ್ಲಿ ಬಂತು, ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿಯ ಬಾಯಲ್ಲೂ ಬಂತು. ಕೂಲಿ ಯೋಜನೆಯಲ್ಲಿ ಸುಳ್ಳು ಹೆಸರು, ಸುಳ್ಳು ವಯಸ್ಸು ಕೊಟ್ಟು ಬಂದವರು ಆಗಸ್ಟ್ ಮುಗಿಯುವುದರೊಳಗೆ ತಾವಾಗಿಯೇ ಹೋಗಿ ನಿಜ ಹೇಳಿದರೆ ಶಿಕ್ಷೆ ಇಲ್ಲವಂತೆ, ವಾಪಸ್ ಅಟ್ಟುವುದೂ ಇಲ್ಲವಂತೆ. ಹದಿನೆಂಟು ತುಂಬದ ಮಕ್ಕಳಿದ್ದರೆ ಕರೆಸಿಕೊಳ್ಳಬಹುದಂತೆ. ನಿನ್ನ ಮಗಳಿಗೆ, ನಮ್ಮ ಪಿಟೀಲಿಗೆ, ಹದಿನೆಂಟಾಗುವುದು ಮುಂದಿನ ಫೆಬ್ರವರಿಗೆ, ಅಕ್ಕ. ಇದಕ್ಕಿಂತ ಒಳ್ಳೆಯ ಕಾಲ ಬರುತ್ತದೆಯೇ?

ಅಧಿಕಾರಿಗಳ ಮುಂದೆ ನಿಂತರೆ ನಿನಗೆ ನಾಲಿಗೆ ತೊಡರುತ್ತದೆ ಎಂದು ನನಗೆ ಗೊತ್ತು. ಅದಕ್ಕೆ ಏನು ಹೇಳಬೇಕು ಅಂತ ನಾನೇ ಬರೆದು ಕಳಿಸುತ್ತಿದ್ದೇನೆ. ಬಾಯಿಪಾಠ ಮಾಡು.

"ಸಾರ್, ನಾನು ವಿಧವೆ. ಹನ್ನೊಂದು ವರ್ಷದ ಹಿಂದೆ ನಿಮ್ಮವರು, ಮೂವತ್ತು ದಾಟದ, ಮದುವೆ ಆಗದ ಹೆಂಗಸರೇ ಬೇಕು ಅಂದ್ರು. ನನಗಾಗ ಮೂವತ್ತಮೂರು, ಜೊತೆಗೆ ಆರು ವರ್ಷದ ಮಗಳು. ಆಸ್ಪತ್ರೆ ಬಟ್ಟೆ ಒಗೆದು ಇಬ್ಬರ ಹೊಟ್ಟೆ ತುಂಬ್ತಿರಲಿಲ್ಲ. ನನ್ನ ತಂಗಿ ನರ್ಸಿಂಗ್ ಓದ್ತಿದ್ಲು. ಅವಳ ಹೆಸರು, ಅವಳ ಕಾಗದ ತಗೊಂಡು ನಾನು ಬಂದೆ. ನಾನು ಕೆಲಸ ಬಿಟ್ರೆ ಆಸ್ಪತ್ರೆಯವರು ಕೊಟ್ಟ ಕೋಣೆ ಹೋಗುತ್ತೆ, ಮಗು ಬೀದಿಗೆ ಬೀಳುತ್ತೆ. ಅದಕ್ಕೇ ತಂಗಿ ಓದು ಬಿಟ್ಟು ನನ್ನ ಹೆಸರಲ್ಲಿ ನನ್ನ ಕೆಲಸಕ್ಕೆ ಹೋದ್ಲು. ಎರಡೇ ವರ್ಷ ಅಂದಿದ್ದೆ, ಹನ್ನೊಂದಾಯ್ತು. ನನ್ನ ಹೆಸರು ನನಗೆ ಕೊಡಿ, ಅವಳ ಹೆಸರು ಅವಳಿಗೆ ಕೊಡಿ, ನನ್ನ ಮಗಳನ್ನ ಕರೆಸಿಕೊಡಿ."

ಹೇಗಿದೆ? ಕೊನೆಯ ಮಾತು ಹೇಳುವಾಗ ಸ್ವಲ್ಪ ಅಳು. ನಿನಗೆ ಅದೇನು ಕಷ್ಟದ ಕೆಲಸವಲ್ಲ.

ಇಲ್ಲಿ ಎಲ್ಲ ಸರಿ. ದಾಖಲೆಯಲ್ಲಿ ನನಗೆ ನಲವತ್ತನಾಲ್ಕಲ್ಲವೇ? "ನಿಮಗೆ ವಯಸ್ಸೇ ಗೊತ್ತಾಗಲ್ಲ, ಏನು ತಿಂತೀರಿ?" ಎಂದು ಇಸ್ತ್ರಿ ಯಂತ್ರದ ಹೆಂಗಸರು ಕೇಳುತ್ತಾರೆ. ನನಗಿನ್ನೂ ಮೂವತ್ತೈದು ಕಣ್ರೇ ಎಂದು ಕೂಗಿ ಹೇಳಬೇಕು ಅನ್ನಿಸುತ್ತದೆ. ಆ ದಿನ ಹತ್ತಿರ ಬಂತು ಬಿಡು.

ನಿನ್ನ ತಂಗಿ


ಮಾರ್ಚ್ 13, 1994

ಮುದ್ದಿನ ತಂಗಿಗೆ,

ನಿನ್ನ ಪತ್ರ ಓದಿ ನಕ್ಕೆ. ಆಮೇಲೆ ನೀನು ಹೇಳಿದ ಹಾಗೆ ಸ್ವಲ್ಪ ಅತ್ತೆ.

ಕಾನೂನಿನ ಸುದ್ದಿ ಇಲ್ಲಿಗೂ ಬಂದಿದೆ. ಊಟದ ಕೋಣೆಯ ಗೋಡೆಗೆ ಅಂಟಿಸಿದ್ದಾರೆ. ಆದರೆ ಯಾರೂ ಅದರ ಮುಂದೆ ನಿಂತು ಓದುವುದಿಲ್ಲ. ನಿಂತು ಓದಿದವಳು ಸುಳ್ಳು ಹೇಳಿ ಬಂದವಳು ಎಂದೇ ಲೆಕ್ಕ. ಕೈ ತೊಳೆಯುವ ನೆಪದಲ್ಲಿ ಒಬ್ಬೊಬ್ಬಳೇ ಹೋಗಿ ನಾಲ್ಕು ಸಾಲು ಓದಿಕೊಂಡು ಬರುತ್ತಾಳೆ. ಅದರಿಂದ ಇಲ್ಲಿ ಎಲ್ಲರ ಕೈಯೂ ಈಗ ಬಹಳ ಶುದ್ಧ! ಒಬ್ಬರ ಬೆನ್ನಿಗೊಬ್ಬರು ಎಣ್ಣೆ ಹಚ್ಚುತ್ತಿದ್ದವರು ಈಗ ಅಳೆದು ತೂಗಿ ಮಾತಾಡುತ್ತಾರೆ. ಯಾರು ಯಾರ ಮೇಲೆ ಹೋಗಿ ಹೇಳುತ್ತಾರೋ ಎಂಬ ಭಯ.

ನಾನು ಹೋಗುತ್ತೇನೆ. ಆದರೆ ರಜೆ ಸಿಗಬೇಕಲ್ಲ. ಅಣಬೆಗೆ ಭಾನುವಾರ ಗೊತ್ತಿಲ್ಲ. ಇವತ್ತು ಗುಂಡಿಯಷ್ಟಿದ್ದದ್ದು ನಾಳೆಗೆ ಮುಷ್ಟಿಯಷ್ಟಾಗಿರುತ್ತದೆ. ಒಂದು ದಿನ ತಡ ಮಾಡಿದರೆ ಛತ್ರಿಯ ಹಾಗೆ ಬಿಚ್ಚಿಕೊಂಡು ಬೆಲೆ ಕಳೆದುಕೊಳ್ಳುತ್ತದೆ. ಆಮೇಲೆ ಮೇಸ್ತ್ರಿಯ ಬಾಯಿ ಕೇಳಬೇಕು. ನಾನೀಗ ಮೇಲಿನ ಅಟ್ಟಣಿಗೆಗಳಲ್ಲಿ ಕೀಳುತ್ತೇನೆ. ಚಕ್ರದ ಏಣಿಯ ಮೇಲೆ ಮಂಡಿಯೂರಿ, ಅಣಬೆಯನ್ನು ಎಳೆಯದೆ, ಮೆಲ್ಲಗೆ ತಿರುಚಿ ಎತ್ತಬೇಕು. ಮಂಡಿ ನೋಯುತ್ತದೆ. ಆದರೆ ಇಲ್ಲಿ ನಾನು ಮೂವತ್ತೈದರವಳು, ಮಂಡಿನೋವು ಎಂದರೆ ನಗುತ್ತಾರೆ.

ಪೇಟೆಗೆ ಹೋಗುವುದಕ್ಕೆ ಬಸ್ಸಿಲ್ಲ. ಅಣಬೆ ಸಾಗಿಸುವ ಲಾರಿಯ ಡ್ರೈವರ್ ಒಬ್ಬರು ಕೂರಿಸಿಕೊಂಡು ಹೋಗುತ್ತಾರೆ. ಒಳ್ಳೆಯವರು, ಮಾತು ಕಡಿಮೆ. ಪತ್ರ ಕೊಡಿ, ನಾನೇ ಹಾಕ್ತೀನಿ ಎನ್ನುತ್ತಾರೆ. ನಾನು ಕೊಡುವುದಿಲ್ಲ, ನಾನೇ ಹೋಗಿ ಹಾಕುತ್ತೇನೆ.

ಪಿಟೀಲಿಗೆ ಈಗಲೇ ಏನೂ ಹೇಳಬೇಡ. ಆಸೆ ಹುಟ್ಟಿಸಿ ಆಮೇಲೆ ಇಲ್ಲ ಎನ್ನುವುದು ಬೇಡ. ಅವಳದೊಂದು ಫೋಟೊ ಕಳಿಸು. ಈಗ ನಿನ್ನ ಭುಜಕ್ಕೆ ಬರುತ್ತಾಳೋ, ಕಿವಿಗೆ ಬರುತ್ತಾಳೋ?

ನಿನ್ನ ಅಕ್ಕ


ಮೇ 22, 1994

ಪ್ರೀತಿಯ ಅಕ್ಕ,

ಹೇಳಬೇಡ ಎಂದು ನೀನು ಬರೆದದ್ದು ತಡವಾಯಿತು. ಆ ಪತ್ರ ಬರುವ ಮೊದಲೇ ಹೇಳಿಬಿಟ್ಟಿದ್ದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ನಿನ್ನ ಮಗಳು ಕುಣಿಯಲಿಲ್ಲ. ತಟ್ಟೆ ಹಿಡಿದುಕೊಂಡು ಕೂತಿದ್ದವಳು, "ಚಿಕ್ಕಿ, ಹಾಗಾದ್ರೆ ನೀನು?" ಎಂದಳು. ಹುಟ್ಟಿದಾಗ ಪಿಟೀಲಿನ ಹಾಗೆ ಕುಂಯ್ ಎಂದು ಅಳುತ್ತಿದ್ದ ಕೂಸು ಇದೇನಾ ಅನ್ನಿಸಿತು. "ನಾನು ನನ್ನ ಹೆಸರಲ್ಲಿ ನರ್ಸ್ ಆಗ್ತೀನಿ, ನೀನು ಜ್ವರ ಬಂದಾಗ ವಿಮಾನ ಹತ್ತಿ ಬಾ, ಸೂಜಿ ಚುಚ್ತೀನಿ" ಎಂದೆ. ಆಗ ನಕ್ಕಳು. ಎತ್ತರ ಕೇಳಿದ್ದೆಯಲ್ಲ, ನನ್ನನ್ನು ದಾಟಿದ್ದಾಳೆ. ಫೋಟೊ ಇಟ್ಟಿದ್ದೇನೆ.

ಇನ್ನೊಂದು ವಿಷಯ. ಹೋದ ವಾರ ಮಧ್ಯಾಹ್ನದ ಪಾಳಿ ತಪ್ಪಿಸಿ ನರ್ಸಿಂಗ್ ಶಾಲೆಗೆ ಹೋಗಿದ್ದೆ. ಹೊರಗಿನವಳ ಹಾಗೆ, "ನನ್ನ ತಂಗಿ ಹಿಂದೆ ಇಲ್ಲಿ ಓದ್ತಿದ್ಲು, ಅರ್ಧಕ್ಕೆ ಬಿಟ್ಲು, ಈಗ ಮತ್ತೆ ಸೇರಬಹುದಾ?" ಎಂದು ಕೇಳಿದೆ. ಕಚೇರಿಯಲ್ಲಿದ್ದ ಹೆಂಗಸು ಹಳೆಯ ದಾಖಲೆ ತೆಗೆದು ನೋಡಿ, "ಒಳ್ಳೆ ಅಂಕ ಇದೆಯಲ್ರೀ, ಯಾಕೆ ಬಿಟ್ಲು?" ಎಂದರು. ನಲವತ್ತರೊಳಗೆ ಯಾವಾಗ ಬೇಕಾದರೂ ಬರಬಹುದು, ಆದರೆ ಅವಳೇ ಬರಬೇಕು, ಅವಳ ಗುರುತಿನ ಕಾಗದ ತರಬೇಕು ಎಂದರು. ಅವಳೇ ಎದುರಿಗೆ ನಿಂತಿದ್ದಾಳೆ ಎಂದು ಹೇಗೆ ಹೇಳಲಿ?

ಅಕ್ಕ, ದಿನಾ ಕೆಳಗಿನ ನೆಲಮಾಳಿಗೆಯಲ್ಲಿ ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ರಕ್ತ ಆಗಿರುವ ಹಾಸು ಬೇರೆ, ಔಷಧಿ ಚೆಲ್ಲಿದ ಹಾಸು ಬೇರೆ ಮಾಡುತ್ತೇನೆ. ಮೇಲೆ ನನ್ನ ಜೊತೆ ಓದಿದವಳು ಈಗ ವಾರ್ಡಿನ ಮುಖ್ಯ ನರ್ಸು. ಲಿಫ್ಟಿನಲ್ಲಿ ಎದುರಾದರೆ ನಾನು ಗೋಡೆ ಕಡೆ ತಿರುಗುತ್ತೇನೆ. ಇದನ್ನು ಇಷ್ಟು ವರ್ಷ ನಿನಗೆ ಬರೆದಿರಲಿಲ್ಲ. ಈಗ ಮುಗಿಯುತ್ತಿದೆ ಎಂದು ಬರೆಯುತ್ತಿದ್ದೇನೆ.

ಆ ಲಾರಿ ಡ್ರೈವರ್ ಅವರಿಗೆ ನನ್ನ ನಮಸ್ಕಾರ ತಿಳಿಸು. ಮಾತು ಕಡಿಮೆ ಅಂತೆ, ಒಳ್ಳೆಯವರಂತೆ! ಅವರ ಮುಖ ನೋಡದ ನನಗೇ ಇಷ್ಟು ಅರ್ಥವಾಗುತ್ತಿದೆ. ಮೊದಲು ನನ್ನ ಹೆಸರು ನನಗೆ ಕೊಟ್ಟುಬಿಡು ಮಾರಾಯ್ತಿ, ಇಲ್ಲದಿದ್ದರೆ ಅವರನ್ನು ಮದುವೆಯಾದವಳು ನಾನೇ ಆಗಿಬಿಟ್ಟೇನು.

ನೀನು ಹೋಗಿ ಬಂದೆಯೋ ಇಲ್ಲವೋ ಅದನ್ನೊಂದು ಬರೆ.

ನಿನ್ನ ತಂಗಿ


ಆಗಸ್ಟ್ 28, 1994

ತಂಗಿಗೆ,

ನಿನ್ನ ಮೂರು ಪತ್ರಗಳೂ ಬಂದವು. ಉತ್ತರ ಬರೆಯಲಿಲ್ಲ ಎಂದು ಬೈದಿದ್ದೀಯ. ಬೈಯಿ, ಅದು ನಿನ್ನ ಹಕ್ಕು.

ಹೋಗಿ ಬಂದೆ. ಕಚೇರಿ ತೆರೆಯುವ ಮೊದಲೇ ಸಾಲು ರಸ್ತೆಯ ತಿರುವಿನವರೆಗೆ ಇತ್ತು. ನನ್ನ ಮುಂದೆ ಒಬ್ಬ ವಯಸ್ಸಾದ ಅಡುಗೆಯವನಿದ್ದ. ಇಷ್ಟು ವರ್ಷ ತಮ್ಮನ ಹೆಸರಿನಲ್ಲಿ ಬದುಕಿದವನು, ನಿಜವಾದ ಹೆಸರು ಕೇಳಿದಾಗ ಎರಡು ಸಲ ತಪ್ಪಾಗಿ ಹೇಳಿದ. ಒಳಗೆ ಒಬ್ಬ ಹುಡುಗಿ ಅಧಿಕಾರಿ, ಮೇಜಿನ ಮೇಲೆ ನೀರಿನ ಲೋಟ, ಅಳುವವರಿಗೆ ಎಂದು ಕಾಗದದ ಕರವಸ್ತ್ರ. ಎಲ್ಲ ಕೇಳಿಸಿಕೊಂಡು ಬರೆದುಕೊಂಡಳು. "ಇಷ್ಟು ದಿನ ಹೇಗೆ ಸಹಿಸಿಕೊಂಡ್ರಿ?" ಎಂದಳು. ಇನ್ನು ಅವರ ಉತ್ತರಕ್ಕೆ ಕಾಯಬೇಕು.

ಇನ್ನು ಮೇಲೆ ಈ ವಿಷಯ ಪತ್ರದಲ್ಲಿ ಬರೆಯಬೇಡ. ಬಿಚ್ಚಿ ಓದುತ್ತಾರೆ ಎಂದು ಹೇಳುತ್ತಾರೆ. ಪತ್ರವನ್ನು ಶೆಡ್ಡಿನ ವಿಳಾಸಕ್ಕೇ ಹಾಕು, ಬೇರೆ ಯಾವ ವಿಳಾಸ ಕಂಡರೂ ಅದಕ್ಕೆ ಹಾಕಬೇಡ.

ಪಿಟೀಲಿನ ಕೆಲಸ ನೋಡಿಕೊಳ್ಳುವುದಕ್ಕೆ ಒಬ್ಬ ಏಜೆಂಟ್ ಬರುತ್ತಾನೆ. ಅವಳ ಜನನ ಪತ್ರ, ಅವಳಪ್ಪನ ಮರಣ ಪತ್ರ ಅವನಿಗೆ ಕೊಡು. ಅವನು ಹೇಳಿದ ಕಡೆಗೆ ಅವಳನ್ನು ಕಳಿಸು. ನೀನು ಜೊತೆಗೆ ಹೋಗಬೇಡ, ಕೆಲಸ ತಪ್ಪಿಸಿಕೊಳ್ಳಬೇಡ. ಹೆಚ್ಚು ಪ್ರಶ್ನೆ ಕೇಳಬೇಡ, ಅಂಥವರಿಗೆ ಸಿಟ್ಟು ಬರುತ್ತದೆ.

ನಿನ್ನ ಆರೋಗ್ಯ ನೋಡಿಕೋ. ನೆಲಮಾಳಿಗೆಯ ಥಂಡಿ ಎದೆಗೆ ಒಳ್ಳೆಯದಲ್ಲ.

ಅಕ್ಕ


ಅಕ್ಟೋಬರ್ 16, 1994

ಪ್ರೀತಿಯ ಅಕ್ಕ,

ಬರೆಯಬೇಡ ಎಂದಿದ್ದೀಯ, ಆದರೂ ಒಂದು ಮಾತು. ಪುಣ್ಯ ಕಟ್ಟಿಕೊಂಡೆ. ನಿನ್ನ ಪತ್ರ ಓದಿ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದನ್ನು ನೋಡಿ ಪಕ್ಕದವಳು ಯಾರೋ ಹೋದರು ಎಂದುಕೊಂಡಳು. "ಹೋಗಿಲ್ಲ ಕಣೇ, ಬರ್ತಿದ್ದಾರೆ" ಎಂದೆ. ನಾನೇ ಬರುತ್ತಿದ್ದೇನೆ ಎನ್ನಬೇಕಿತ್ತು.

ನಿನ್ನ ಏಜೆಂಟ್ ಬಂದಿದ್ದ. ಕೂದಲಿಗೆ ಅದೆಷ್ಟು ಎಣ್ಣೆ ಹಾಕುತ್ತಾನೋ, ತಲೆ ಒರಗಿಸಿದ ಗೋಡೆ ಇನ್ನೂ ಮಿಂಚುತ್ತಿದೆ. ಪಿಟೀಲನ್ನು ಮೂರು ಸಲ ಕರೆದುಕೊಂಡು ಹೋದ. ನಾನೂ ಬರುತ್ತೇನೆ ಎಂದರೆ, "ನೀವು ಬಂದ್ರೆ ಕೆಲಸ ಕೆಡುತ್ತಮ್ಮ" ಎಂದ. ನನ್ನ ಹೆಸರು ಯಾವಾಗ ವಾಪಸ್ ಬರುತ್ತೆ ಎಂದು ಕೇಳಿದೆ. "ಎಲ್ಲಾ ಒಟ್ಟಿಗೆ ಆಗುತ್ತೆ" ಎಂದ.

ಪಿಟೀಲು ಮೌನವಾಗಿಬಿಟ್ಟಿದ್ದಾಳೆ. ಮೊದಲು ಭಾನುವಾರ ನನ್ನ ಜೊತೆ ಆಸ್ಪತ್ರೆಗೆ ಬಂದು ಹಾಸು ಮಡಿಸುವಾಗ ಎದುರಿಗೆ ನಿಲ್ಲುತ್ತಿದ್ದಳು. ನಾನೊಂದು ತುದಿ, ಅವಳೊಂದು ತುದಿ. ಎಳೆದು, ಕೊಡವಿ, ನಡೆದು ಬಂದು ಅಂಚಿಗೆ ಅಂಚು ಸೇರಿಸುವಾಗ ನನ್ನ ಮೂಗು ಹಿಂಡಿ ಓಡುವುದು ಅವಳ ಚೇಷ್ಟೆ. ಈಗ ಅಂಚು ಕೈಗೆ ಕೊಟ್ಟು ನೆಲ ನೋಡಿಕೊಂಡು ಹಿಂದೆ ಸರಿಯುತ್ತಾಳೆ. ನನ್ನನ್ನು ಬಿಟ್ಟು ಹೋಗಬೇಕಲ್ಲ ಎಂದು ಅವಳಿಗೆ ಸಂಕಟ. ಎಷ್ಟಾದರೂ ನಾನು ಎತ್ತಿ ಆಡಿಸಿದ ಕೂಸು. "ನಿನ್ನಮ್ಮನ ಹತ್ತಿರ ತಾನೇ ಹೋಗ್ತಿರೋದು, ಅಳ್ತಾರೇನೇ?" ಎಂದೆ. ಎದ್ದು ಹೊರಗೆ ಹೋದಳು.

ಸಮಾಧಾನ ಮಾಡಿ ಅವಳಿಗೊಂದು ಪತ್ರ ಬರೆ. ನೀನು ಬರೆದರೆ ಸರಿಹೋಗುತ್ತಾಳೆ.

ನಿನ್ನ ತಂಗಿ


ನವೆಂಬರ್ 27, 1994

ಅಕ್ಕ,

ನಾನು ಸತ್ತುಹೋಗಿದ್ದೇನೆ. ನಿನಗೆ ಗೊತ್ತಿರುವ ಸುದ್ದಿಯೇ, ನನಗೆ ತಡವಾಗಿ ತಿಳಿಯಿತು.

ಈ ತಿಂಗಳ ಸಂಬಳ ಬರಲಿಲ್ಲ. ಕೇಳಲು ಕಚೇರಿಗೆ ಹೋದೆ. ಹೊಸದಾಗಿ ಕಂಪ್ಯೂಟರ್ ಹಾಕಿದ್ದಾರೆ, ನಗರಸಭೆಯ ಪಟ್ಟಿಯೂ ಅದರೊಳಗೆ ಬರುತ್ತದಂತೆ. ಗುಮಾಸ್ತ ಪರದೆ ನೋಡಿದ, ನನ್ನನ್ನು ನೋಡಿದ. "ಈ ಹೆಸರಿನವರು ಸೆಪ್ಟೆಂಬರಲ್ಲೇ ತೀರಿಹೋಗಿದ್ದಾರಲ್ಲಮ್ಮ. ಹೃದಯಾಘಾತ ಅಂತ ಇದೆ" ಎಂದ. ನಕ್ಕೆ. ಅವನೂ ನಕ್ಕ. ಯಾರೋ ತಪ್ಪು ಮಾಡಿದ್ದಾರೆ ಎಂದು ಕುರ್ಚಿ ಕೊಟ್ಟ, ನೀರು ತರಿಸಿದ. ಆಮೇಲೆ ಸರಳವಾದ ದಾರಿ ಹೇಳಿದ: "ಕೆಲಸಕ್ಕೆ ಸೇರಿದಾಗ ಕೊಟ್ಟ ಬೆರಳಚ್ಚು ಇಲ್ಲೇ ಇದೆ. ಈಗ ಇನ್ನೊಂದು ಸಲ ಕೊಡಿ, ತಾಳೆ ನೋಡಿ ಇವತ್ತೇ ಸರಿಮಾಡ್ತೀವಿ."

ಆ ಬೆರಳಚ್ಚು ನಿನ್ನದು. ಅವನು ಶಾಯಿಯ ಡಬ್ಬಿ ಮುಂದಿಟ್ಟು ಕಾಯುತ್ತಿದ್ದ. ನಾಳೆ ಬರುತ್ತೇನೆ ಎಂದು ಎದ್ದು ಬಂದೆ. ಮತ್ತೆ ಹೋಗಿಲ್ಲ. ನಾನು ಅವಳಲ್ಲ ಎಂದರೆ ಹನ್ನೊಂದು ವರ್ಷ ಮೋಸ ಮಾಡಿದವಳಾಗುತ್ತೇನೆ. ಅವಳೇ ಎಂದರೆ ಬೆರಳು ಒಪ್ಪುವುದಿಲ್ಲ. ಕೋಣೆ ಖಾಲಿ ಮಾಡುವಂತೆ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ಅದರಲ್ಲಿ 'ಮೃತರ ಕುಟುಂಬದವರಿಗೆ' ಎಂದು ಬರೆದಿದೆ.

ಪಿಟೀಲನ್ನು ಕೂರಿಸಿ ಕೇಳಿದೆ. ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಿಮ್ಮ ದೇಶದಲ್ಲಿ ಇನ್ನೊಂದು ನಿಯಮ ಇದೆಯಂತೆ. ತಂದೆತಾಯಿ ಇಬ್ಬರೂ ಇಲ್ಲದ ಮಗುವನ್ನು, ಅಲ್ಲಿರುವ ಚಿಕ್ಕಮ್ಮ ಕರೆಸಿಕೊಳ್ಳಬಹುದಂತೆ. ಅಲ್ಲಿ ನೀನು ನಾನಾಗಿದ್ದೀಯಲ್ಲ, ಅಂದರೆ ನೀನೇ ಚಿಕ್ಕಮ್ಮ. ತಾಯಿ ಸತ್ತಿರಬೇಕು, ಅಷ್ಟೇ ಬಾಕಿ. ಹೇಗೂ ನಿನ್ನ ಹೆಸರು ಇಲ್ಲಿ ನನ್ನ ಮೈಮೇಲಿತ್ತು, ಸಾಯಿಸುವುದು ಸುಲಭವಾಯಿತು.

"ಕಾಗದದಲ್ಲಿ ಮಾತ್ರ ಚಿಕ್ಕಿ, ನಿಜವಾಗಿ ಯಾರೂ ಸಾಯಲ್ಲ ಅಂದ್ರು ಏಜೆಂಟು. ಚಿಕ್ಕಿಗೆ ಹೇಳಬೇಡ, ಬೇಜಾರು ಮಾಡ್ಕೋತಾಳೆ ಅಂತ ಅಮ್ಮ ಏಜೆಂಟ್ ಕೈಲಿ ಬರೆದು ಕಳಿಸಿದ್ರು. ನಾನು ಅತ್ತೆ. ಆಮೇಲೆ ಸಹಿ ಹಾಕಿದೆ."

ಬೇಜಾರು! ಒಳ್ಳೆಯ ಮಾತು ಹುಡುಕಿದ್ದೀಯ.

ಆ ಹುಡುಗಿಯ ಮೇಲೆ ಸಿಟ್ಟು ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ. ಜ್ವರದಲ್ಲಿ ನನ್ನ ತೋಳಿಗೆ ಅಂಟಿಕೊಂಡು ಮಲಗಿದವಳು, ಎದುರಿಗೆ ಕೂತು ಉಂಡುಕೊಂಡೇ ಎರಡು ತಿಂಗಳು ಮುಚ್ಚಿಟ್ಟಳು. ಆದರೆ ಅವಳಿಗೆ ಕಲಿಸಿದವಳು ನೀನು. ನನಗೆ ಅರ್ಥವಾಗದ್ದು ಒಂದೇ. ಆ ಸಾಲಿನಲ್ಲಿ ನಿಂತೆ, ನಿಜ ಹೇಳಿದೆ ಎಂದೆಯಲ್ಲ. ನಿಜ ಹೇಳಿದವಳಿಗೆ ಈ ಸುಳ್ಳು ಯಾಕೆ ಬೇಕಾಯಿತು? ನೀನು ಹೋಗಿದ್ದೆಯೇನು? ಅದನ್ನು ಬರೆ. ಬೇರೇನೂ ಬೇಡ.

ತಂಗಿ


ಡಿಸೆಂಬರ್ 18, 1994

ತಂಗಿ,

ಹೋಗಿದ್ದೆ. ಮೊದಲು ನನ್ನ ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದವಳ ಜೊತೆಗೆ. ಒಳಗೆ ಹೋದವಳು ಅವಳು, ನಾನಲ್ಲ. ನಾನು ಬರೆದದ್ದೆಲ್ಲ ಅವಳಿಗೆ ಆದದ್ದು.

ನನಗೆ ಆ ಬಾಗಿಲು ತೆರೆದೇ ಇರಲಿಲ್ಲ. ಗೋಡೆಯ ಮೇಲಿನ ಕಾಗದದ ಕೊನೆಯ ಸಾಲು ನಿಮ್ಮ ಪತ್ರಿಕೆಗಳಲ್ಲಿ ಬಂದಿಲ್ಲ ಎಂದು ಕಾಣುತ್ತದೆ. ಈಗಾಗಲೇ ಈ ದೇಶದ ಪ್ರಜೆಯಾದವರಿಗೆ ಈ ಮಾಫಿ ಇಲ್ಲ. ಸುಳ್ಳು ಹೆಸರಿನಲ್ಲಿ ಪ್ರಮಾಣ ಮಾಡಿದವರು ಸಿಕ್ಕಿಬಿದ್ದರೆ ಎಲ್ಲ ಕಿತ್ತುಕೊಂಡು ಹೊರಗೆ ಹಾಕುತ್ತಾರೆ. ನಾನು ಪ್ರಮಾಣ ಮಾಡಿ ಎರಡು ವರ್ಷವಾಗಿತ್ತು. ನಿನಗೆ ಬರೆದಿರಲಿಲ್ಲ. ನಿನ್ನ ಮೊದಲ ಪತ್ರ ಬಂದ ದಿನವೇ ನನಗೆ ಗೊತ್ತಿತ್ತು. ಅಷ್ಟು ಖುಷಿಯಿಂದ ಬರೆದಿದ್ದೆ, ಹೇಗೆ ಹೇಳಲಿ?

ನೀನು ತಮಾಷೆ ಮಾಡಿದೆಯಲ್ಲ, ಆ ಡ್ರೈವರ್ ಬಗ್ಗೆ. ನಾವು ಮದುವೆಯಾಗಿ ನಾಲ್ಕು ವರ್ಷ. ನಾನು ಕೂಲಿಯವರ ಹಾಸಿಗೆ ಸಾಲಿನ ಕೋಣೆ ಬಿಟ್ಟು ಅವರ ಮನೆಗೆ ಬಂದು ಅಷ್ಟೇ ಕಾಲವಾಯಿತು. ಅವರಿಗೆ ನಾನೆಂದರೆ ನೀನೇ, ನಿನ್ನ ವಯಸ್ಸಿನವಳು, ನನಗಿದು ಮೊದಲ ಮದುವೆ. ಅಕ್ಕ ಹೋದಳೆಂದು ಸುದ್ದಿ ಬಂದಿದೆ ಎಂದೆ. ನಾನು ಅತ್ತದ್ದನ್ನು ನೋಡಿ ಅವರೇ, "ಆ ಮಗೂನ ಇಲ್ಲಿಗೆ ಕರೆಸೋಣ, ನಮ್ಮ ಮಗಳ ಹಾಗೆ ನೋಡ್ಕೊಳ್ಳೋಣ" ಎಂದರು. ಆ ಅಳು ನಾಟಕವಾಗಿರಲಿಲ್ಲ. ಅವಳಿಗಾಗಿ ಕೋಣೆಗೆ ಬಣ್ಣ ಹೊಡೆದಿದ್ದಾರೆ. ಅಂಥ ಮನುಷ್ಯನ ಮುಂದೆ ಈಗ ಏನೆಂದು ನಿಲ್ಲಲಿ?

ಇನ್ನೆರಡು ತಿಂಗಳಿಗೆ ಅವಳಿಗೆ ಹದಿನೆಂಟು. ಆಮೇಲೆ ಯಾವ ನಿಯಮವೂ ಇಲ್ಲ. ನಿನ್ನನ್ನು ಕೇಳಿದ್ದರೆ ನೀನು ಒಪ್ಪುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಸಾಕಿದ್ದು ನೀನು, ಹೌದು. ಹೆತ್ತದ್ದು ನಾನು. ಹನ್ನೊಂದು ವರ್ಷ ಅವಳ ಒಂದು ಹಲ್ಲು ಬಿದ್ದದ್ದನ್ನೂ ನಾನು ಕಣ್ಣಾರೆ ನೋಡಿಲ್ಲ. ಇಲ್ಲಿಗೆ ಬಂದಮೇಲೂ ಅವಳು ನನ್ನನ್ನು ಚಿಕ್ಕಮ್ಮ ಎಂದೇ ಕರೆಯಬೇಕು. ಅದನ್ನು ಒಪ್ಪಿಕೊಂಡಿದ್ದೇನೆ. ನನಗೆ ಅದು ಹೂವಿನ ಹಾಸಿಗೆ ಎಂದುಕೊಂಡೆಯಾ?

ನಿನ್ನನ್ನು ಬೀದಿಯಲ್ಲಿ ಬಿಡುವುದಿಲ್ಲ. ಏಜೆಂಟ್ ನಿನಗೂ ಯಾವುದಾದರೂ ಒಂದು ಹೆಸರು ಮಾಡಿಸಿಕೊಡುತ್ತಾನೆ, ನಾನು ಹೇಳಿದ್ದೇನೆ.

ಈಗ ಮುಖ್ಯವಾದದ್ದು. ಜನವರಿಯಲ್ಲಿ ಕೊನೆಯ ಸಂದರ್ಶನ. ಹುಡುಗಿ ಈಗ ಯಾರ ಆಶ್ರಯದಲ್ಲಿದ್ದಾಳೋ ಅವರು ಜೊತೆಗೆ ಬರಬೇಕು ಎಂದಿದ್ದಾರೆ. ನೀನು ಹೋಗಬೇಕು. ಪಕ್ಕದ ಮನೆಯವಳು ಎಂದು ಹೇಳು. ತಾಯಿ ಸತ್ತದ್ದು ನಿಜವೇ ಎಂದು ಕೇಳುತ್ತಾರೆ. ನಿನ್ನ ಒಂದು ಮಾತಿನಲ್ಲಿ ಅವಳ ಬದುಕು, ನನ್ನ ಬದುಕು ಎರಡೂ ಇದೆ. ನನಗಾಗಿ ಬೇಡ, ಅವಳಿಗಾಗಿ.

ಅಕ್ಕ


ಜನವರಿ 22, 1995

ಅಕ್ಕ,

ಮೊನ್ನೆ ಹೋಗಿ ಬಂದೆವು.

ಹೋಗುವ ದಿನ ಬೆಳಿಗ್ಗೆವರೆಗೂ ಏನು ಹೇಳುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ. ಪಿಟೀಲಿಗೂ ಹೇಳಿರಲಿಲ್ಲ. ಅವಳು ಕೇಳಲೂ ಇಲ್ಲ, ಜಡೆ ಹಾಕು ಎಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು. ಹಾಕಿದೆ. ಬೆರಳಿಗೆ ಅಭ್ಯಾಸವಾದ ಕೆಲಸ, ಮನಸ್ಸನ್ನು ಕೇಳುವುದಿಲ್ಲ.

ಕೋಣೆ ಬಿಟ್ಟಾಗಿದೆ. ಊರಾಚೆಯ ಒಂದು ಲಾಂಡ್ರಿಯಲ್ಲಿ ದಿನಗೂಲಿಗೆ ಸೇರಿದ್ದೇನೆ. ಅಲ್ಲಿ ಹೆಸರು ಕೇಳುವುದಿಲ್ಲ, "ಏ, ಇಸ್ತ್ರಿ" ಎಂದು ಕರೆಯುತ್ತಾರೆ. ಅಲ್ಲೇ ಹಿಂದಿನ ಕೋಣೆಯಲ್ಲಿ ಮಲಗುತ್ತೇವೆ. ನಿನ್ನ ಏಜೆಂಟ್ ಯಾವುದೋ ಒಂದು ಹೆಸರು ತೆಗೆದುಕೊಂಡು ಬಂದಿದ್ದ, ಸತ್ತುಹೋದ ಯಾವಳೋ ಹೆಂಗಸಿನದು. ಬಾಗಿಲಲ್ಲೇ ಕಳಿಸಿದೆ. ಇನ್ನೊಬ್ಬಳ ಹೆಸರು ಉಡುವ ಶಕ್ತಿ ನನಗೆ ಉಳಿದಿಲ್ಲ.

ಹೋಗಿ ಎಲ್ಲ ಹೇಳಿಬಿಡಬೇಕು ಎಂದು ಎಷ್ಟೋ ಸಲ ಎದ್ದು ಚಪ್ಪಲಿ ಮೆಟ್ಟಿದ್ದೇನೆ. ನಿನ್ನ ಮೇಲಿನ ಕನಿಕರದಿಂದ ನಿಂತೆ ಎಂದುಕೊಳ್ಳಬೇಡ. ನಿನ್ನ ಮನೆ, ನಿನ್ನ ಗಂಡ, ನೀನು ಮಾಡಿದ ಪ್ರಮಾಣ, ಎಲ್ಲ ಮಣ್ಣುಪಾಲಾಗಲಿ ಅನ್ನಿಸಿತು. ಆದರೆ ಬೀಳುವಾಗ ಹುಡುಗಿಯ ಮೇಲೇ ಬೀಳುತ್ತದಲ್ಲ. ನೀನು ಅವಳನ್ನು ಸರಿಯಾಗಿ ನಡುವೆ ನಿಲ್ಲಿಸಿದ್ದೆ. ಈ ಲೆಕ್ಕಾಚಾರವನ್ನು ಮೆಚ್ಚಲೇಬೇಕು.

ಅಧಿಕಾರಿ ನಡುವಯಸ್ಸಿನವರು, ನೆಗಡಿಯಾಗಿತ್ತು, ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಮೊದಲು ಹುಡುಗಿಯನ್ನು ಕೇಳಿದರು. "ಇವರು ಯಾರಮ್ಮ?"

"ಪಕ್ಕದ ಮನೆಯವರು. ಅಮ್ಮ ಹೋದಮೇಲೆ ಇವರೇ ನನಗೆ ಊಟ ಹಾಕಿದ್ರು" ಎಂದಳು.

ತಡವರಿಸಲಿಲ್ಲ. ಇವರು, ಹಾಕಿದ್ರು. ಮಾತು ಕಲಿತ ದಿನದಿಂದ ನನ್ನನ್ನು ನೀನು, ಇವಳು ಎಂದವಳು, ಹೊರಗಿನವರಿಗೆ ಕೊಡುವ ಮರ್ಯಾದೆ ಕೊಟ್ಟಳು. ನನ್ನ ಹೆಸರು ಒಯ್ದೆ. ಈಗ ಚಿಕ್ಕಮ್ಮ ಎನ್ನುವುದನ್ನೂ ಒಯ್ದೆ. ಆ ಕುರ್ಚಿಯಲ್ಲಿ ಕೂತಾಗ ನನ್ನ ಹತ್ತಿರ ಇದ್ದದ್ದು ಪಕ್ಕದ ಮನೆ ಒಂದೇ. ಅದೂ ಇಲ್ಲದ ಮನೆ.

ಅವರು ನನ್ನ ಕಡೆ ತಿರುಗಿದರು. "ನಿಮ್ಮಂಥ ನೆರೆಯವರು ಸಿಗೋದು ಕಷ್ಟ" ಎಂದರು. ಕಾಗದ ತಿರುವಿ, "ಈ ಹುಡುಗಿಯ ತಾಯಿ ನಿಮಗೆ ಚೆನ್ನಾಗಿ ಗೊತ್ತಿತ್ತಾ?" ಎಂದರು.

"ಗೊತ್ತು ಅಂದ್ಕೊಂಡಿದ್ದೆ" ಎಂದೆ.

ಪಿಟೀಲಿನ ಕೈ ಮೇಜಿನ ಕೆಳಗೆ ನನ್ನ ಸೆರಗು ಹಿಡಿಯಿತು. ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆಯೇ, ಬಿಗಿಯಾಗಿ. ನಾನು ಬಿಡಿಸಲಿಲ್ಲ.

"ಅವರು ತೀರಿಹೋದದ್ದನ್ನ ನೀವು ಕಣ್ಣಾರೆ ನೋಡಿದ್ರಾ?"

"ನೋಡಿದೆ ಸಾರ್" ಎಂದೆ. "ಮೊದಲು ನಂಬೋಕಾಗ್ಲಿಲ್ಲ. ಆಮೇಲೆ ಅವಳ ಕೈಬರಹ ನೋಡಿದಾಗ ನಂಬಿಕೆ ಬಂತು." ಅವರಿಗೆ ಏನರ್ಥವಾಯಿತೋ, ತಲೆಯಾಡಿಸಿ ಬರೆದುಕೊಂಡರು. ಕೊನೆಗೆ, "ಮಗಳ ಮೇಲೆ ಪ್ರೀತಿ ಇತ್ತಾ ಆ ತಾಯಿಗೆ?" ಎಂದರು.

"ಮಗಳ ಮೇಲೆ ಇತ್ತು" ಎಂದೆ.

ಮುದ್ರೆ ಒತ್ತಿದರು. ಬರುವ ಗುರುವಾರ ಅವಳ ಪ್ರಯಾಣ, ಈ ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಹಾಲು ಕುಡಿದರೆ ಅವಳಿಗೆ ಹೊಟ್ಟೆ ಕೆಡುತ್ತದೆ, ಮೊಸರಾದರೆ ಆಗುತ್ತದೆ. ಕತ್ತಲೆಗೆ ಹೆದರುವುದಿಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚಿದರೆ ನಿದ್ದೆ ಬರುವುದಿಲ್ಲ. ಹೊಸ ಬಣ್ಣದ ವಾಸನೆ ಹೋಗುವವರೆಗೆ ಕಿಟಕಿ ತೆಗೆದಿಡು.

ಇನ್ನು ನನಗೆ ಬರೆಯಬೇಡ. ಆ ದಿನ ಕಚೇರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ. ದಾರಿಯಲ್ಲಿ ಹೋಗುತ್ತಿದ್ದವರು ನಿಂತು, "ಯಾರು ಹೋದ್ರಮ್ಮ?" ಎಂದು ಕೇಳಿದರು. ನನ್ನ ಅಕ್ಕ ಎಂದೆ.